ಮೊದಲ ಟ್ರ್ಯಾಕ್ ದಿನಕ್ಕೆ ಹಳೆಯ ಸ್ವಿಫ್ಟ್: ಹಣವನ್ನು ಬ್ರೇಕಿಗೆ ಹಾಕಲೇ, ಚಕ್ರಕ್ಕೆ ಹಾಕಲೇ?

ಪೊನ್ನಂಪೇಟೆ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಟ್ರ್ಯಾಕ್ ದಿನಕ್ಕೆ (ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಸರದಿಯಂತೆ ಓಡಿಸುವ ದಿನ) ಹೆಸರು ಕೊಟ್ಟಿದ್ದೇನೆ. ಗದ್ದೆ ಕೊಯ್ಲಾದ ಮೇಲೆ ನಮ್ಮ ಕಡೆ ನಡೆಯುವ ಆಟೋಕ್ರಾಸ್‌ನಲ್ಲಿ ಎರಡು ಬಾರಿ ಓಡಿಸಿದ್ದು ಬಿಟ್ಟರೆ, ಡಾಂಬರಿನ ಟ್ರ್ಯಾಕ್ ಮೇಲೆ ಇದು ನನ್ನ ಮೊದಲ ಪ್ರಯತ್ನ. ಗಾಡಿ 2015ರ ಪೆಟ್ರೋಲ್ ಸ್ವಿಫ್ಟ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಜೊತೆಗೆ ಎಬಿಎಸ್ ಇದೆ. ಕಂಪನಿಯವರೇ ಕೊಟ್ಟ 15 ಇಂಚಿನ ಅಲಾಯ್ ಮೇಲೆ 185/65 (ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 65) ಟೈರುಗಳಿವೆ.

ಈ ಸಲ ಕಾಫಿ ಮಾರಿದ ಹಣದಲ್ಲಿ 40,000 ರೂಪಾಯಿಯನ್ನು, ಮನೆಯವರ ಒಪ್ಪಿಗೆ ಪಡೆದೇ, ಇದಕ್ಕೆಂದು ತೆಗೆದಿರಿಸಿದ್ದೇನೆ. ಮೈಸೂರಿನ ಒಂದು ಅಂಗಡಿಯವರು 16 ಇಂಚಿನ ಅಲಾಯ್ ಹಾಗೂ ರಂಧ್ರ ಕೊರೆದ ಡಿಸ್ಕ್‌ಗಳನ್ನು ಹಾಕಿಸಿಕೊಳ್ಳಲು ಸೂಚಿಸಿದ್ದಾರೆ. ನನ್ನ ಸಂದೇಹ ಬೇರೆಯೇ ಇದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿಗೆ ಹೋಗಿ ಬರುವುದು ನನಗೆ ತಿಂಗಳಿಗೆ ನಾಲ್ಕು ಬಾರಿಯಾದರೂ ಇದ್ದದ್ದೇ, ಮಳೆಗಾಲದಲ್ಲೂ ಬ್ರೇಕ್ ಒಮ್ಮೆಯೂ ಕೈಕೊಟ್ಟಿಲ್ಲ. ಹಾಗಿರುವಾಗ ಬ್ರೇಕನ್ನು ಇದ್ದಂತೆಯೇ ಬಿಟ್ಟು ಎಲ್ಲ ಹಣವನ್ನೂ ಚಕ್ರ ಮತ್ತು ಟೈರಿಗೆ ಹಾಕಿದರೆ ತಪ್ಪಾಗುತ್ತದೆಯೇ? ಅದೇ ಗಾಡಿಯಲ್ಲಿ ಮನೆಗೆ ಮರಳಬೇಕೆಂಬುದನ್ನೂ ಗಮನದಲ್ಲಿಟ್ಟು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಕುಶಾಲನಗರ ವರ್ಕ್‌ಶಾಪ್:

ಮಾಕುಟ್ಟ ಇಳಿದ ಬ್ರೇಕು ಕರಿಯಲ್ಲೂ ತಡೆದೀತೆಂಬ ನಂಬಿಕೆ ನನಗೂ ಇತ್ತು. ಆದ್ದರಿಂದ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಚಾಲಕನೂ ಸೇರಿ ನಿಮ್ಮ ಗಾಡಿಯ ತೂಕ 1,050 ಕೆ.ಜಿ. ಎಂದೂ, ಘಾಟಿಯಲ್ಲಿ ಅದು 800 ಮೀಟರ್ ಕೆಳಗಿಳಿಯುತ್ತದೆಂದೂ ಇಟ್ಟುಕೊಂಡರೆ, ಇಳಿದು ಮುಗಿಯುವಷ್ಟರಲ್ಲಿ ಕಳೆಯಬೇಕಾದ ಶಕ್ತಿ ಸುಮಾರು 82 ಲಕ್ಷ ಜೂಲ್. ಟ್ರ್ಯಾಕಿನಲ್ಲಿ ಗಂಟೆಗೆ 120 ಕಿ.ಮೀ. ವೇಗದಿಂದ 50ಕ್ಕೆ ಒಮ್ಮೆ ಇಳಿಸಿದರೆ ಸುಮಾರು 4.8 ಲಕ್ಷ ಜೂಲ್. ಅಂದರೆ ಇಡೀ ಘಾಟಿಗೆ ಸಮನಾಗಲು ಇಂಥ ಹದಿನೇಳು ಬ್ರೇಕು ಸಾಕು. ಕರಿಯ ಟ್ರ್ಯಾಕಿನ ಉದ್ದ 2.1 ಕಿ.ಮೀ. ಮಾತ್ರ, ಸುತ್ತಿಗೆ ಎರಡು ಬಾರಿ ಹೀಗೆ ಒತ್ತಿದರೂ ಕಾಲು ಗಂಟೆಯ ಒಂದೇ ಸರದಿಯಲ್ಲಿ ನೀವು ಮಾಕುಟ್ಟವನ್ನು ಪೂರ್ತಿ ಇಳಿದಾಗಿರುತ್ತದೆ. ಘಾಟಿಯಲ್ಲಾದರೆ ಎರಡನೆಯ ಗೇರಿನಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ, ಸಮಯವೂ ಧಾರಾಳವಾಗಿರುತ್ತದೆ, ಡಿಸ್ಕಿಗೆ ನಡುನಡುವೆ ತಣಿಯಲು ಬಿಡುವು ಸಿಗುತ್ತದೆ. ಟ್ರ್ಯಾಕಿನಲ್ಲಿ ಹೆಚ್ಚುಕಡಿಮೆ ಅದೆಲ್ಲವನ್ನೂ ಬ್ರೇಕೇ, ಅದರಲ್ಲೂ ಬಹುಪಾಲನ್ನು ಮುಂದಿನ ಎರಡು ಡಿಸ್ಕುಗಳೇ, ನುಂಗಬೇಕು.

ಹೀಗೆ ಕಾದಾಗ ಮೊದಲು ಸೋಲುವುದು ಡಿಸ್ಕ್ ಅಲ್ಲ, ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಅದರ ಗತಿಯನ್ನು ನೀವೇ ಊಹಿಸಬಹುದು. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತಲ್ಲದೆ ಆವಿ ಅದುಮಿದಷ್ಟೂ ಕುಗ್ಗುವುದರಿಂದ ಪೆಡಲ್ ತಳಕ್ಕೆ ಹೋಗುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ನನ್ನ ಮೊದಲ ಟ್ರ್ಯಾಕ್ ದಿನದ ಮೂರನೆಯ ಸರದಿಯಲ್ಲಿ ಆದದ್ದು ಇದೇ. ಕಾಲಿನ ಕೆಳಗೆ ಹಸಿ ಸ್ಪಂಜು ಇಟ್ಟಂತಾಯಿತು. ಎರಡು ಮೂರು ಬಾರಿ ಬೇಗಬೇಗನೆ ಒತ್ತಿದಾಗ ಸ್ವಲ್ಪ ಹಿಡಿತ ಬಂದು, ತಿರುವಿನಾಚೆಯ ಹುಲ್ಲಿನಲ್ಲಿ ಗಾಡಿ ನಿಂತಿತು. ಕಾರಣ ಹುಡುಕಿದರೆ ಸಿಕ್ಕಿದ್ದು ನನ್ನದೇ ಜಿಪುಣತನ. ಶೆಡ್ಡಿನ ಹಲಗೆಯ ಮೇಲೆ ಹಿಂದಿನ ವರ್ಷ ಉಳಿದಿದ್ದ, ಮುಚ್ಚಳ ಸಡಿಲವಾಗಿದ್ದ ಅರ್ಧ ಬಾಟಲಿ ಆಯಿಲನ್ನೇ ‘ಹೊಸದು’ ಎಂದು ಸುರಿದಿದ್ದೆ.

ಆದ್ದರಿಂದ ಸೀಲ್ ಒಡೆಯದ ಒಂದು ಲೀಟರ್ ಡಾಟ್ 4 ಅಥವಾ 5.1 ತಂದು, ನಾಲ್ಕೂ ಚಕ್ರಗಳಲ್ಲಿ ಹಳೆಯದು ಪೂರ್ತಿ ಹೋಗಿ ತಿಳಿ ಬಣ್ಣದ್ದು ಬರುವವರೆಗೆ ಬ್ಲೀಡ್ ಮಾಡಿಸಿ. ಬರೇ ಡಾಟ್ 5 ಎಂದು ಬರೆದಿರುವುದು ಸಿಲಿಕೋನ್ ಜಾತಿಯದು. ಅದನ್ನು ನಿಮ್ಮ ಗಾಡಿಗೆ ತಪ್ಪಿಯೂ ಹಾಕಬೇಡಿ. ಬಾನೆಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ಎರಡನೆಯದು ಪ್ಯಾಡ್, ಅಂದರೆ ಡಿಸ್ಕನ್ನು ಅದುಮಿ ಹಿಡಿಯುವ ಬಿಲ್ಲೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಅದು ಪ್ಯಾಡಿನ ಸೋಲು. ಹಾಗೆಂದು ಪೂರ್ಣ ರೇಸಿನ ಪ್ಯಾಡ್ ತರಬೇಡಿ. ಕಾದ ಮೇಲಷ್ಟೇ ಅವು ಸರಿಯಾಗಿ ಕಚ್ಚುತ್ತವೆ. ಮಂಜು ಮುಸುಕಿದ ಬೆಳಗ್ಗೆ ಮನೆಯ ಗೇಟು ದಾಟುವಾಗ ಎದುರಿಗೆ ದನ ಬಂದರೆ ಅವುಗಳಿಂದ ಪ್ರಯೋಜನವಿಲ್ಲ. ರಸ್ತೆಗೂ ಅಪರೂಪದ ಟ್ರ್ಯಾಕಿಗೂ ಹೊಂದುವ ಮಧ್ಯಮ ದರ್ಜೆಯ ಪ್ಯಾಡ್ ಸಾಕು. ಹಾಕಿಸಿದ ಮೇಲೆ ಖಾಲಿ ರಸ್ತೆಯಲ್ಲಿ 80ರಿಂದ 20ಕ್ಕೆ ಎಂಟು ಹತ್ತು ಬಾರಿ ಇಳಿಸಿ, ಪೂರ್ತಿ ನಿಲ್ಲಿಸದೆ, ಬಳಿಕ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಪ್ಯಾಡ್ ತಯಾರಿಸಿದವರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ.

ರಂಧ್ರದ ಡಿಸ್ಕ್ ನೋಡಲು ಚೆಂದ, ಆದರೆ ಬಿಸಿಗೆ ಬಿರುಕು ಹೊರಡುವುದು ಆ ರಂಧ್ರಗಳ ಅಂಚಿನಿಂದಲೇ. ಸಾದಾ ಡಿಸ್ಕೇ ಇರಲಿ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತಾರೆ; ವರ್ನಿಯರ್ ಹಿಡಿದು ಅಳೆದು, ಆ ಮಿತಿಗೆ ಹತ್ತಿರವಾಗಿದ್ದರೆ ಮಾತ್ರ ಬದಲಿಸಿ.

ಸೋಮವಾರಪೇಟೆ ಮಂಜು:

ಮೇಲಿನವರು ಬ್ರೇಕಿನ ಬಗ್ಗೆ ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಹೆಚ್ಚೇನಿಲ್ಲ. ಚಕ್ರದ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿರುವುದರಿಂದ ಬರೆಯುತ್ತಿದ್ದೇನೆ.

185/65 ಆರ್ 15 ಟೈರಿನ ಒಟ್ಟು ವ್ಯಾಸ ಸುಮಾರು 621 ಮಿ.ಮೀ., 195/55 ಆರ್ 16 ಟೈರಿನದೂ ಅಷ್ಟೇ. ಎಂದರೆ 16 ಇಂಚಿಗೆ ಹೋದರೆ ನಿಮಗೆ ದಕ್ಕುವುದು ಟೈರಿನ ಪಕ್ಕದ ಗೋಡೆ 13 ಮಿ.ಮೀ. ಗಿಡ್ಡವಾಗುವುದು ಮತ್ತು 10 ಮಿ.ಮೀ. ಅಗಲ, ಇಷ್ಟೇ. ಬದಲಿಗೆ ತೂಕ ಹೆಚ್ಚಾಗುವ ಸಾಧ್ಯತೆಯೇ ಬಹಳ. ಅಗ್ಗದ ಎರಕದ ಅಲಾಯ್‌ಗಳು ಕಂಪನಿಯವಕ್ಕಿಂತ ಎಷ್ಟೋ ಬಾರಿ ಭಾರವಾಗಿರುತ್ತವೆ, ತಿರುಗುವ ಭಾರವನ್ನು ಓಡಿಸಲೂ ನಿಲ್ಲಿಸಲೂ ಹೆಚ್ಚು ಶ್ರಮ ಬೇಕು. ಮನೆಯಲ್ಲಿ ಕಾಫಿ ತೂಗುವ ತಕ್ಕಡಿ ಇದ್ದೇ ಇರುತ್ತದಲ್ಲ, ಕೊಳ್ಳುವ ಮೊದಲು ಎರಡನ್ನೂ ಅದರ ಮೇಲಿಟ್ಟು ನೋಡಿ.

ನಾನು ತಂದ ಚಕ್ರಗಳ ನಡುವಿನ ರಂಧ್ರ 73.1 ಮಿ.ಮೀ. ಇತ್ತು. ಆ ರಂಧ್ರ ಕೂರಬೇಕಾದ ಸ್ವಿಫ್ಟ್‌ನ ಹಬ್ 54.1 ಮಿ.ಮೀ. ನಾಲ್ಕು ಬೋಲ್ಟುಗಳು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಸರಿಯಾಗಿ ಹೊಂದಿದ್ದರಿಂದ ಅಂಗಡಿಯವರು ಮರುಮಾತಿಲ್ಲದೆ ಕೂರಿಸಿ ಕಳುಹಿಸಿದರು. ನಡುವೆ ಹಾಕಬೇಕಾದ ಹಬ್ ರಿಂಗನ್ನು ಕೊಡಲೇ ಇಲ್ಲ. ಹುಣಸೂರು ದಾಟುವಷ್ಟರಲ್ಲಿ 90ರ ವೇಗಕ್ಕೆ ಸ್ಟೇರಿಂಗ್ ನಡುಗತೊಡಗಿತು. ಮೂರು ಬಾರಿ ಬ್ಯಾಲೆನ್ಸ್ ಮಾಡಿಸಿದ ಮೇಲಷ್ಟೇ ಕಾರಣ ತಿಳಿಯಿತು.

ಹಣವಿದ್ದರೆ ಒಳ್ಳೆಯ ಟೈರಿಗೆ ಹಾಕಿ, ಅಳತೆ ಅದೇ ಇರಲಿ. 195/60 ಆರ್ 15 ಹಾಕುವ ಆಸೆಯಿದ್ದರೆ ರಿಮ್‌ನ ಅಗಲ ಐದೂವರೆ ಇಂಚಿಗೆ ಕಡಿಮೆಯಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಈಗಿರುವ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಟೈರಿನ ಗೀರುಗಳು ಆಳವಾಗಿಯೇ ಇದ್ದರೂ ಆರೇಳು ವರ್ಷದ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಗಾಳಿಯನ್ನು ಪೊನ್ನಂಪೇಟೆಯ ಚಳಿಯಲ್ಲಿ ನೋಡಿಕೊಂಡು ಹೊರಟರೆ ಕೊಯಮತ್ತೂರಿನ ಬಿಸಿಲಿಗೆ ಎರಡು ಮೂರು ಪಿಎಸ್‌ಐ ಏರಿರುತ್ತದೆ. ಅಲ್ಲಿ ಮತ್ತೆ ಅಳೆಯಿರಿ. ಟೈರಿನ ಅಂಚಿಗೆ ಸೀಮೆಸುಣ್ಣದಿಂದ ಅಡ್ಡ ಗೆರೆ ಎಳೆದಿಟ್ಟು ಸರದಿ ಮುಗಿದ ಮೇಲೆ ನೋಡಿ. ಗೆರೆ ಪಕ್ಕದ ಗೋಡೆಯ ಮೇಲೂ ಅಳಿಸಿಹೋಗಿದ್ದರೆ ಗಾಳಿ ಕಡಿಮೆ, ನೆಲ ಮುಟ್ಟುವ ಅಂಚಿನಲ್ಲೂ ಹಾಗೆಯೇ ಉಳಿದಿದ್ದರೆ ಹೆಚ್ಚು.

ಪೊನ್ನಂಪೇಟೆ ಬೆಳೆಗಾರ:

ಇಬ್ಬರಿಗೂ ಕೃತಜ್ಞತೆಗಳು. ಇಂದು ಬೆಳಗ್ಗೆ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳ ತೆಗೆದು ನೋಡಿದೆ. ಒಳಗಿದ್ದದ್ದು ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗಿದೆ. ಕೊನೆಯ ಬಾರಿ ಯಾವಾಗ ಬದಲಿಸಿದ್ದೆಂದು ಸರ್ವಿಸ್ ಪುಸ್ತಕದಲ್ಲೂ ನಮೂದಾಗಿಲ್ಲ. ಗೆಳೆಯರೊಬ್ಬರ ಬಳಿಯಿದ್ದ 16 ಇಂಚಿನ ಚಕ್ರವನ್ನೂ ತಂದು ತಕ್ಕಡಿಗೆ ಹಾಕಿದೆ. ಟೈರು ಸೇರಿ ನನ್ನದಕ್ಕಿಂತ ಎರಡೂವರೆ ಕೆ.ಜಿ. ಹೆಚ್ಚು ಬಂತು. ಅಲ್ಲಿಗೆ ಆ ಆಸೆ ಮುಗಿಯಿತು.

ಇನ್ನೊಂದು ಪ್ರಶ್ನೆ ಉಳಿದಿದೆ. ಉಳಿಯುವ ಹಣದಲ್ಲಿ ಉಕ್ಕಿನ ಹೆಣಿಗೆಯ ಬ್ರೇಕ್ ಹೋಸ್‌ಗಳನ್ನು (ಚಕ್ರಕ್ಕೆ ಆಯಿಲ್ ಒಯ್ಯುವ ಬಾಗುವ ಕೊಳವೆಗಳು) ಹಾಕಿಸುವುದು ಸೂಕ್ತವೇ?

ಕುಶಾಲನಗರ ವರ್ಕ್‌ಶಾಪ್:

ರಬ್ಬರ್ ಹೋಸ್ ಉಬ್ಬದೆ, ಬಿರುಕಿಲ್ಲದೆ ಇದ್ದರೆ ಈ ಸಲಕ್ಕೆ ಬೇಡ. ಹತ್ತು ವರ್ಷದ ಹಳೆಯದಾದ್ದರಿಂದ ಬೆರಳಲ್ಲಿ ಬಗ್ಗಿಸಿ ನೋಡಿ, ಸಂದೇಹ ಬಂದರೆ ಕಂಪನಿಯದೇ ಹೊಸ ರಬ್ಬರ್ ಹಾಕಿಸಿ. ಉಕ್ಕಿನ ಹೆಣಿಗೆಯಿಂದ ಪೆಡಲ್ ಗಟ್ಟಿಯಾದಂತೆ ಅನಿಸುವುದು ನಿಜವಾದರೂ ಬಿಸಿಯ ಸಮಸ್ಯೆಗೆ ಅದು ಉತ್ತರವಲ್ಲ.

ತಿತಿಮತಿ ಪಿಟ್‌ಸ್ಟಾಪ್:

ಗಾಡಿಯ ಕುರಿತು ಬೇಕಾದಷ್ಟು ಚರ್ಚೆಯಾಗಿದೆ, ನಾನು ಆ ದಿನದ ಕುರಿತು ನಾಲ್ಕು ಮಾತು ಸೇರಿಸುತ್ತೇನೆ.

ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ. ಒಳಗೆ ಬಂದ ಮೇಲೆ, ನಮಗೆ ಎಷ್ಟೇ ಅಭ್ಯಾಸವಾಗಿದ್ದರೂ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡ್ರಮ್ಮಿಗೆ ಅದರೊಳಗಿನ ಲೈನರ್ (ಉಜ್ಜುವ ಪಟ್ಟಿ) ಅಂಟಿಕೊಂಡು ತಣಿದರೆ ಬಿಡಿಸಲು ಪಾಡುಪಡಬೇಕಾದೀತು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಮೊದಲ ಸರದಿಯ ಬಳಿಕ, ತಣಿದ ಮೇಲೆ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಮತ್ತೊಮ್ಮೆ ಪರೀಕ್ಷಿಸಿ. ಪಂಚರ್ ಅಂಗಡಿಯಲ್ಲಿ ಪಾನಾದ ಮೇಲೆ ಹತ್ತಿ ನಿಂತು ಬಿಗಿಸುವುದನ್ನು ಬಿಗಿ ಎನ್ನಲಾಗದು.

ಸಾಮಾನ್ಯ ವಾಹನ ವಿಮೆಯ ಷರತ್ತುಗಳಲ್ಲಿ ರೇಸ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ಅಲ್ಲಿ ಗೋಡೆಗೆ ತಗುಲಿದರೆ ಖರ್ಚು ಪೂರ್ತಿ ನಿಮ್ಮದೇ ಎಂದು ತಿಳಿದೇ ಹೊರಡಿ. ಉಳಿದ ಹಣಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಉತ್ತಮ ಬಳಕೆ ಕಾಣುವುದಿಲ್ಲ, ಹಾಗೆಯೇ ಇಟ್ಟುಕೊಳ್ಳಿ.

ಮರಳುವಾಗ ಸತ್ಯಮಂಗಲದ ಮೇಲೆ ಬರುವುದಾದರೆ ಡಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು ನಿಮಗೆ ಹತ್ತುಗಡೆ ಸಿಗುತ್ತವೆ, ಅದೊಂದು ಅದೃಷ್ಟ. ಆದರೆ ರಾತ್ರಿ ಸಂಚಾರಕ್ಕೆ ಅಲ್ಲಿ ನಿರ್ಬಂಧವಿರುವುದರಿಂದ, ಕೊನೆಯ ಸರದಿಯ ಆಸೆಗೆ ಬಿದ್ದು ತಡಮಾಡಿ ಓಡೋಡಿ ಹೊರಡುವ ಬದಲು ಕೊಯಮತ್ತೂರಿನಲ್ಲೇ ತಂಗಿ, ಬೆಳಗ್ಗೆ ಪ್ಯಾಡ್ ಎಷ್ಟು ಉಳಿದಿದೆಯೆಂದು ಟಾರ್ಚ್ ಹಾಕಿ ನೋಡಿ ಹೊರಡಿ. ಮೂರು ಮಿ.ಮೀ.ಗಿಂತ ಕಡಿಮೆಯಿದ್ದರೆ ಅಲ್ಲೇ ಬದಲಿಸಿ. ಹಳೆಯ ಪ್ಯಾಡ್‌ಗಳನ್ನು ಅದಕ್ಕಾಗಿಯೇ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿರಿ.

ಕೆಟ್ಟು ನಿಂತ ಗಾಡಿಯನ್ನು ಎಳೆಯಲು ಬೇಕಾಗುವ ಟೋ ಹುಕ್ ಟೂಲ್ ಚೀಲದಲ್ಲಿದೆಯೇ ಎಂದೂ ಮನೆಯಲ್ಲೇ ನೋಡಿಕೊಳ್ಳಿ. ನನ್ನದು ಏಲಕ್ಕಿ ಗೂಡಿನ ಬಾಗಿಲಿಗೆ ಚಿಲಕವಾಗಿರುವುದು ಟ್ರ್ಯಾಕಿನ ಗೇಟಿನಲ್ಲಿ ನಿಂತಾಗ ನೆನಪಾಯಿತು.