ಒಂದು ಹೋರಿ, ನಾಲ್ವರು ಪಾಲುದಾರರು: ಮಾಂಸದಂಗಡಿಯ ತಂತ್ರಾಂಶದಲ್ಲಿ ದಾಖಲೆ ಹೊಂದಿಸುವುದು ಹೇಗೆ?

ಪ್ರಶ್ನೆ:
ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ರೈತರು ತಂದ ದನ, ಹಂದಿಗಳನ್ನು ಅವರವರ ಮನೆಬಳಕೆಗೆ ಕೊಯ್ದು ಪೊಟ್ಟಣ ಕಟ್ಟಿಕೊಡುವ ಸಣ್ಣ ಅಂಗಡಿಯೊಂದಕ್ಕೆ ನಿರ್ವಹಣಾ ತಂತ್ರಾಂಶ ಹೊಂದಿಸಿಕೊಡುತ್ತಿದ್ದೇನೆ. ಗಿರಾಕಿಯ ಹೆಸರಿನಲ್ಲಿ ಆರ್ಡರ್ ತೆರೆದು ಅದರೊಳಗೆ ಕಟ್ ಶೀಟ್ (ಯಾವ ತುಂಡು ಹೇಗೆ ಕತ್ತರಿಸಿಕೊಡಬೇಕೆಂದು ಗಿರಾಕಿ ಬರೆಸುವ ಪಟ್ಟಿ) ಇಟ್ಟಿದ್ದೆ. ಕಳೆದ ವಾರ ನಾಲ್ವರು ಕೂಡಿ ತಂದ ಒಂದೇ ಹೋರಿಗೆ ನಾಲ್ಕು ಆರ್ಡರ್ ತೆರೆದಾಗ ಲೆಕ್ಕ ಕೆಟ್ಟಿತು. ಕೊಯ್ದ ದಿನ ಕೊಕ್ಕೆಗೆ ಹಾಕಿ ತೂಗಿದಾಗ 812 ಪೌಂಡ್ ಇದ್ದದ್ದು, 14 ದಿನ ಕೂಲರ್‌ನಲ್ಲಿ ಇದ್ದ ಮೇಲೆ 785ಕ್ಕೆ ಇಳಿದಿತ್ತು. ಇಬ್ಬರ ಬಿಲ್ಲು ಮೊದಲ ತೂಕಕ್ಕೆ, ಇನ್ನಿಬ್ಬರದು ಎರಡನೆಯ ತೂಕಕ್ಕೆ ಬಿದ್ದಿತ್ತು. ಸಾಲದ್ದಕ್ಕೆ, ಒಂದೇ ಪಕ್ಕದ (ಉದ್ದಕ್ಕೆ ಸೀಳಿದ ಅರ್ಧ ಹೋರಿಯ) ಪಾಲುದಾರರಲ್ಲಿ ಒಬ್ಬರು ಟಿ-ಬೋನ್ ಎಂಬ ಎಲುಬುಸಹಿತ ತುಂಡು, ಮತ್ತೊಬ್ಬರು ಬೆನ್ನೆಲುಬಿನ ಒಳಬದಿಯ ಮೆತ್ತನೆಯ ಮಾಂಸವಾದ ಇಡೀ ಟೆಂಡರ್‌ಲಾಯಿನ್ ಕೇಳಿದ್ದನ್ನು ತಂತ್ರಾಂಶ ಸುಮ್ಮನೆ ಒಪ್ಪಿಕೊಂಡಿತ್ತು. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ 1:
ಮೂಲ ದಾಖಲೆ ಗಿರಾಕಿಯದಲ್ಲ, ಪ್ರಾಣಿಯದಾಗಿರಬೇಕು. ಟ್ಯಾಗ್ ಸಂಖ್ಯೆ, ಕೊಯ್ದ ದಿನಾಂಕ, ಬಿಸಿ ತೂಕ (ಕೊಯ್ದ ದಿನವೇ ತೂಗಿದ್ದು) ಇವೆಲ್ಲ ಪ್ರಾಣಿಯ ದಾಖಲೆಯಲ್ಲಿರಲಿ; ಅದರ ಕೆಳಗೆ ಎಡ, ಬಲ ಪಕ್ಕಗಳು, ಪಕ್ಕಕ್ಕೊಂದು ಕಟ್ ಶೀಟ್, ಆ ಶೀಟಿಗೆ ಒಬ್ಬರೋ ಇಬ್ಬರೋ ಪಾಲುದಾರರು. ಬಿಲ್ಲಿಗೆ ಬಿಸಿ ತೂಕವೊಂದನ್ನೇ ಹಿಡಿದು, ಅದನ್ನು ದಾಖಲಿಸಿದ ಮೇಲೆ ಯಾರೂ ತಿದ್ದದಂತೆ ಬೀಗ ಹಾಕಿ.

ಟಿ-ಬೋನ್ ಎಂದರೆ ಬೆನ್ನೆಲುಬಿನ ಒಂದು ಬದಿಗೆ ಸ್ಟ್ರಿಪ್ (ಬೆನ್ನಿನ ಮೇಲ್ಬದಿಯ ಮಾಂಸ), ಇನ್ನೊಂದು ಬದಿಗೆ ಟೆಂಡರ್‌ಲಾಯಿನ್ ಅಂಟಿಕೊಂಡಿರುವ ತುಂಡು. ಹೀಗಾಗಿ ಒಂದೇ ಪಕ್ಕದಲ್ಲಿ ಟಿ-ಬೋನ್ ಆರಿಸಿದರೆ ಇಡೀ ಟೆಂಡರ್‌ಲಾಯಿನ್ ಮತ್ತು ಎಲುಬಿಲ್ಲದ ಸ್ಟ್ರಿಪ್‌ನ ಆಯ್ಕೆಗಳು ತಾವಾಗಿಯೇ ಮುಚ್ಚಿಕೊಳ್ಳಬೇಕು. ಕಾಲುಪಾಲಿನವರಿಗೆ ಪಕ್ಕದ ಮುಂಭಾಗ ಒಬ್ಬರಿಗೆ, ಹಿಂಭಾಗ ಇನ್ನೊಬ್ಬರಿಗೆ ಎಂದು ಹಂಚಿದರೆ ಜಗಳ ಖಂಡಿತ. ಮಂಡ್ಯದ ಕಡೆ ಗುಡ್ಡೆ ಮಾಂಸ ಹಾಕುವಾಗ ತೊಡೆ, ಎದೆ, ಪಕ್ಕೆಲುಬು ಎಲ್ಲವೂ ಪ್ರತಿ ಗುಡ್ಡೆಗೂ ಬೀಳುವಂತೆ ನೋಡಿಕೊಳ್ಳುತ್ತಾರಲ್ಲ, ಇಲ್ಲಿಯೂ ಅದೇ ನ್ಯಾಯ: ಇಬ್ಬರೂ ಒಂದೇ ಶೀಟಿಗೆ ಒಪ್ಪಿ, ಪೊಟ್ಟಣಗಳನ್ನು ಸಮನಾಗಿ ಹಂಚಿಕೊಳ್ಳಬೇಕು.

ಉತ್ತರ 2:
ಕಾನೂನಿನ ಎರಡು ವಿಷಯಗಳನ್ನು ಸೇರಿಸುತ್ತೇನೆ. ಅಮೆರಿಕದ 1906ರ ಮಾಂಸ ತಪಾಸಣಾ ಕಾಯ್ದೆಯಡಿ ಇಂತಹ ಅಂಗಡಿಗಳಿಗೆ ತಪಾಸಣೆಯಿಂದ ಸಿಗುವ ವಿನಾಯಿತಿಯು ಮಾಲೀಕರು, ಅವರ ಮನೆಯವರು, ದುಡ್ಡು ಕೊಡದ ಅತಿಥಿಗಳು ಮತ್ತು ಅವರ ಕೆಲಸಗಾರರು ತಿನ್ನುವ ಮಾಂಸಕ್ಕಷ್ಟೇ ಅನ್ವಯಿಸುತ್ತದೆ. ಆದ್ದರಿಂದ ಪ್ರಾಣಿಯನ್ನು ಕೊಯ್ಯುವ ಮೊದಲೇ ಪಾಲುದಾರರ ಪಟ್ಟಿ ಮುಚ್ಚಬೇಕು, ಆಮೇಲೆ ಹೊಸ ಹೆಸರು ಸೇರಿಸಲು ತಂತ್ರಾಂಶ ಬಿಡಬಾರದು. ಲೇಬಲ್ ಮಾದರಿಯಲ್ಲಿ ‘ನಾಟ್ ಫಾರ್ ಸೇಲ್’ (ಮಾರಾಟಕ್ಕಲ್ಲ) ಎಂಬ ಅಕ್ಷರಗಳು ಕನಿಷ್ಠ 3/8 ಇಂಚು ಎತ್ತರವಿರಲಿ. ಪ್ರಿಂಟರ್‌ನ ಸಿದ್ಧ ಮಾದರಿಗಳನ್ನು ನಂಬದೆ ಅಳತೆಪಟ್ಟಿ ಇಟ್ಟು ನೋಡಿ.

ಎರಡನೆಯದು ವಯಸ್ಸು. ಹಲ್ಲು ನೋಡಿ 30 ತಿಂಗಳು ಅಥವಾ ಹೆಚ್ಚೆಂದು ಗೊತ್ತಾದ ದನದ ಬೆನ್ನೆಲುಬನ್ನು, ಹುಚ್ಚು ಹಸು ರೋಗದ ಕಾರಣಕ್ಕೆ, ತೆಗೆದುಹಾಕಲೇಬೇಕು. ಆ ಗುರುತು ಬಿದ್ದ ಕೂಡಲೇ ಟಿ-ಬೋನ್ ಕಟ್ ಶೀಟಿನಿಂದ ಮಾಯವಾಗಬೇಕು.

ಪ್ರಶ್ನೆ ಕೇಳಿದವರು:
ವಯಸ್ಸಿನ ಅಂಕಣವೇ ನನ್ನಲ್ಲಿರಲಿಲ್ಲ, ಇಂದು ಸೇರಿಸಿದೆ. ಕಟ್ ಶೀಟ್ ಮೊದಲೇ ತುಂಬಿ, ಹಲ್ಲನ್ನು ಆಮೇಲೆ ನೋಡಿದರೆ ಏನು ಮಾಡಬೇಕು?

ಉತ್ತರ 2 ಕೊಟ್ಟವರು:
ಶೀಟನ್ನು ತಡೆಹಿಡಿದು, ಗಿರಾಕಿಗೆ ಫೋನ್ ಮಾಡಬೇಕೆಂಬ ಸೂಚನೆ ಅಂಗಡಿಯ ಕೌಂಟರಿನ ಪರದೆಯಲ್ಲಿ ಬರುವಂತೆ ಮಾಡಿ. ಅವರ ಹೊಸ ಆಯ್ಕೆ ಬರುವ ತನಕ ಆ ಪಕ್ಕ ಕತ್ತರಿಸುವ ಪಟ್ಟಿಗೆ ಹೋಗದಿರಲಿ.