ಬಾಲ್ಡರ್ಸ್ ಗೇಟ್ 3 (ವಿಡಿಯೋ ಗೇಮ್): ಕಾಗಾ ಎದುರು ಮಾತಲ್ಲೇ ಮುಗಿಸೋದು ಹೇಗೆ?

ಕೋಡಿಬಾಗ್_ಗೇಮರ್ (ಕಾರವಾರ):
ಡ್ರೂಯಿಡ್‌ಗಳ (ಕಾಡಿನ ಮಾಂತ್ರಿಕರ) ಮುಖಂಡೆ ಕಾಗಾ ಆ ಹುಡುಗಿ ಅರಾಬೆಲ್ಲಾನ ಹಿಡಿದಿಟ್ಟ ಜಾಗದಲ್ಲಿ ಮನವೊಲಿಸೋ ದಾಳ (20 ಮುಖದ್ದು) ಪ್ರತಿ ಸಲ ಸೋಲ್ತದೆ. ಫೈಟರ್ ಪಾತ್ರ, ಕರಿಸ್ಮಾ (ಮಾತಿನ ಮೋಡಿಯ ಅಂಕಿ) 8. ಏನು ಬದಲಿಸ್ಬೇಕು?

ಅಘನಾಶಿನಿ (ಶಿರಸಿ):
ಮೊದಲು ಮಾತಾಡೋರನ್ನ ಬದಲಿಸಿ ಮಾರಾಯ್ರೆ. ಯಾರು ಹೋಗಿ ಮಾತು ಶುರು ಮಾಡ್ತಾರೋ ಅವರ ಅಂಕಿಯೇ ಲೆಕ್ಕ. ಪಕ್ಕದಲ್ಲಿ ಎಂಥ ವಾಚಾಳಿ ನಿಂತಿದ್ರೂ ಉಪಯೋಗ ಇಲ್ಲ. ಗೆಲ್ಲೋಕೆ ಮುಟ್ಟಬೇಕಾದ ಗುರಿ 15 ಅಂತ ಇಟ್ಕೊಳ್ಳಿ. ಕರಿಸ್ಮಾ 8 ಅಂದ್ರೆ -1, ದಾಳದಲ್ಲಿ 16 ಬೀಳ್ಬೇಕು: ಶೇ. 25. ಕರಿಸ್ಮಾ 16 ಇದ್ದು ಪರ್ಸುವೇಶನ್ (ಮನವೊಲಿಸೋ ಕಲೆ) ಕಲಿತವರಿಗೆ ಶುರುವಲ್ಲೇ +5, 10 ಬಿದ್ರೆ ಸಾಕು: ಶೇ. 55. ನಿಮ್ಮ ಜೊತೆಗಾತಿ ಶ್ಯಾಡೋಹಾರ್ಟ್ ಹತ್ರ ಗೈಡೆನ್ಸ್ ಮಂತ್ರ ಇದ್ರೆ ದಾಳದ ಪರದೆಯಲ್ಲೇ ಸೇರಿಸಿ, 1ರಿಂದ 4 ಹೆಚ್ಚು ಸಿಗ್ತದೆ. 1 ಬಿದ್ರೆ ಮಾತ್ರ ಏನು ಕೂಡಿಸಿದ್ರೂ ಸೋಲೇ. ಆಗ ಇನ್ಸ್‌ಪಿರೇಶನ್ ಪಾಯಿಂಟ್ ಖರ್ಚು ಮಾಡಿ ಮತ್ತೆ ಎಸೀರಿ. ನಾಲ್ಕಕ್ಕಿಂತ ಜಾಸ್ತಿ ಕೂಡಿಡೋಕೆ ಬರೋದಿಲ್ಲ, ಜಿಪುಣತನ ಬೇಡ.

ಮಳೆಕಾಡು:
ಫ್ರೆಂಡ್ಸ್ ಮಂತ್ರದ ಆಸೆಗೆ ಬೀಳ್ಬೇಡಿ. ಎರಡು ದಾಳ ಎಸೆದು ದೊಡ್ಡದನ್ನ ತಗೊಳ್ಳೋಕೆ ಸಿಗ್ತದೆ ನಿಜ, ಆದ್ರೆ ಮಂತ್ರ ಇಳಿದ ಮೇಲೆ ಎದುರಿನವರಿಗೆ ಗೊತ್ತಾಗಿ ತಕರಾರು ತೆಗೀಬಹುದು.
ಮತ್ತೆ ಎಲ್ಲಾದ್ರೂ ಜಗಳ ಹತ್ತೇಬಿಟ್ರೆ, ಪ್ಯಾಸಿವ್ಸ್ ಪಟ್ಟಿಯಲ್ಲಿ ನಾನ್-ಲೀಥಲ್ (ಕೊಲ್ಲದೆ ಬೀಳಿಸೋದು) ಆನ್ ಮಾಡಿ. ಕೊನೇ ಏಟು ಕತ್ತಿದೋ ಮುಷ್ಟಿದೋ ಆಗಿರ್ಬೇಕು. ಬಾಣ ಹೊಡೆದ್ರೆ, ಮಂತ್ರ ಹಾಕಿದ್ರೆ ಸತ್ತೇ ಹೋಗ್ತಾರೆ.

ಅಘನಾಶಿನಿ:
ಹೌದು. ಮಾತಿಗೆ ಮುಂಚೆ ಎಫ್5 ಒತ್ತಿ ಆಟ ಸೇವ್ ಮಾಡೋದು ಮರೀಬೇಡಿ, ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ಲ.