ತೋಟದ ರೈಟರ್ ಪಾತ್ರ ದೊಡ್ಡದು ಮಾಡ್ಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು, ವಿರಾಜಪೇಟೆ:
ಅಣ್ಣ-ತಮ್ಮ ಕಾಫಿ ತೋಟ ಪಾಲು ಮಾಡ್ಕೊಳ್ಳೋ ಕಥೆ. ಚಿತ್ರಕಥೆ 110 ಪುಟ, ಎರಡನೇ ಡ್ರಾಫ್ಟ್. ತೋಟದ ರೈಟರ್, ಅಂದ್ರೆ ಕೂಲಿ, ಫಸಲಿನ ಲೆಕ್ಕ ಬರೆಯೋ ಗುಮಾಸ್ತ, ಅವನಿಗೆ ಇರೋದು ಮೂರೇ ಸೀನ್. ಓದಿದ ನಾಲ್ವರಲ್ಲಿ ಮೂವರು "ಆ ರೈಟರ್ ಆಮೇಲೆ ಏನಾದ?" ಅಂದರು. ತೋಟದ ಮೇಲೆ ಸಾಲ ಇದೆ ಅನ್ನೋ ಸುದ್ದಿ ತರೋಕೆ ಒಬ್ಬ ವಕೀಲನೂ ಇದ್ದಾನೆ. ರೈಟರ್‌ಗೆ ಹೆಂಡತಿ, ಮಗಳು, ಒಂದು ಫ್ಲ್ಯಾಶ್‌ಬ್ಯಾಕ್ ಕೊಡೋಣ ಅಂತಿದ್ದೇನೆ. ಸರೀನಾ?

ಮಡಿಕೇರಿಯಿಂದ:
ಫ್ಲ್ಯಾಶ್‌ಬ್ಯಾಕ್ ಬೇಡ ಮಾರಾಯ್ರೆ, ನಾನು ಮಾಡಿ ಕೆಟ್ಟಿದ್ದೇನೆ. ನನ್ನ ಕಥೇಲಿ ಒಬ್ಬಳು ಅಜ್ಜಿ ಇದ್ದಳು. ಎಲ್ಲರಿಗೂ ಇಷ್ಟ ಆದಳು ಅಂತ ಅವಳ ಮದುವೆ, ಬಾಣಂತನ, ಗಂಡನ ಸಾವು ಎಲ್ಲ ಬರೆದೆ. 14 ಪುಟ. ಪುಟಕ್ಕೊಂದು ನಿಮಿಷ ಅಂತ ಲೆಕ್ಕ ಹಿಡಿದರೂ ಕಾಲು ಗಂಟೆ ಹತ್ತಿರ. ನಿರ್ದೇಶಕರು ಆ ಹಾಳೆಗಳನ್ನ ಎತ್ತಿ ಪಕ್ಕಕ್ಕಿಟ್ಟು "ಈಗ ಕಥೆ ಎಲ್ಲಾದ್ರೂ ಎಡವಿತಾ?" ಅಂದರು. ಎಡವಿರಲಿಲ್ಲ.

ಸಿದ್ದಾಪುರದಿಂದ:
ನಾನು ಬೆಳೆದದ್ದೇ ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಪಕ್ಕ, ಅಪ್ಪ ರೈಟರ್. ಈ ಪಾತ್ರಕ್ಕೆ ಹೊಸದಾಗಿ ಏನೂ ತರಬೇಡಿ, ಅವನ ಕೆಲಸದಲ್ಲೇ ಎಲ್ಲ ಇದೆ. ರೋಬಸ್ಟಾ ಕಾಫಿ ಕುಯ್ಯೋ ಕಾಲದಲ್ಲಿ ಸಂಜೆ ತೂಕ ನೋಡಿದ್ದೀರಾ? ಹೆಂಗಸರು ಹಣ್ಣಿನ ಚೀಲ ತಂದು ಸಾಲಾಗಿ ಇಳಿಸ್ತಾರೆ. ಕಿಲೋ ಲೆಕ್ಕದಲ್ಲಿ ಕೂಲಿ. ರೈಟರ್ ಚೀಲದೊಳಗೆ ಕೈ ಹಾಕಿ ತಿರುವಿ, ಎಲೆ, ಕಡ್ಡಿ, ಹಸಿಕಾಯಿ ಜಾಸ್ತಿ ಅಂತ ಅರ್ಧ ಕಿಲೋ ಕಡಿಮೆ ಬರೀತಾನೆ. ಕೆಲವರಿಗೆ ಬರೀತಾನೆ, ಕೆಲವರಿಗೆ ಬರಿಯೋಲ್ಲ. ಚೀಲದವಳು ಮಾತಾಡೋಲ್ಲ, ಅವನ ಪೆನ್ಸಿಲನ್ನೇ ನೋಡ್ತಾಳೆ. ಆ ಅರ್ಧ ಕಿಲೋ ಸಾಕು ನಿಮಗೆ.

ಆಮೇಲೆ ಆ ವಕೀಲನ ಕೆಲಸ ಕಿತ್ತು ಇವನಿಗೆ ಕೊಡಿ. ಎಷ್ಟು ಫಸಲು ಬಂತು, ಎಷ್ಟು ಲೆಕ್ಕಕ್ಕೆ ಬಂತು, ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಿರೋನು ಇವನೊಬ್ಬನೇ ಅಲ್ವಾ? ತಮ್ಮನಿಗೆ ಒಂದು ಲೆಕ್ಕ ಹೇಳಲಿ, ಅಣ್ಣನಿಗೆ ಇನ್ನೊಂದು. ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ) ಕೈಯಾಲೆಯಲ್ಲಿ, ಅಂದ್ರೆ ಜಗಲಿಯಲ್ಲಿ, ಅಣ್ಣ-ತಮ್ಮ ಜಗಳ ಆಡೋ ಸೀನ್ ಹೇಗೂ ಇರತ್ತೆ. ಅಲ್ಲೇ ಮೆಟ್ಟಿಲ ಕೆಳಗೆ ಪುಸ್ತಕ ಹಿಡಿದು ಇವನನ್ನ ನಿಲ್ಲಿಸಿ. ಒಂದು ಮಾತೂ ಬೇಡ. ಪುಟ ಬೆಳೆಯಲ್ಲ, ಪಾತ್ರ ಬೆಳೆಯತ್ತೆ. ಹೆಂಡತಿ, ಮಗಳು ಬೇಕೇ ಬೇಕಾದ್ರೆ ಆ ಸಾಲಲ್ಲಿ ಚೀಲ ಹಿಡಿದು ನಿಂತವಳನ್ನೇ ಹೆಂಡತಿ ಮಾಡಿ. ಅವಳ ಚೀಲಕ್ಕೆ ಏನು ಬರೀತಾನೆ ನೋಡೋಣ.

ಪೊನ್ನಂಪೇಟೆಯಿಂದ:
ಮಾತಿನ ಕಡೆ ಗಮನ ಇರಲಿ. ಮೂರು ಸೀನಿಗೆ ಸಿನಿಮಾ ಕನ್ನಡ ನಡೆಯತ್ತೆ, ಹದಿನೈದು ಸೀನಿಗೆ ನಡೆಯಲ್ಲ. ಧಣಿಗಳ ಹತ್ರ ಕೊಡವ ತಕ್ಕ್ (ಕೊಡವ ಭಾಷೆ), ತೋಟದಲ್ಲಿ ದುಡಿಯೋ ಎರವ ಬುಡಕಟ್ಟಿನವರ ಹತ್ರ ಬೇರೆ ಮಾತು, ಅಸ್ಸಾಮಿನಿಂದ ಬಂದವರ ಹತ್ರ ಹರಕು ಹಿಂದಿ. ಯಾರ ಹತ್ರ ಅವನ ದನಿ ಏರತ್ತೆ, ಯಾರ ಹತ್ರ ಇಳಿಯತ್ತೆ ಅನ್ನೋದು ತಿಳಿದ್ರೆ ಅರ್ಧ ಸಂಭಾಷಣೆ ಬರೆದ ಹಾಗೇ.

ಸುಂಟಿಕೊಪ್ಪದಿಂದ:
ಹೂ ಬಿಟ್ಟ ತೋಟದಲ್ಲಿ ರೈಟರ್ ಒಬ್ಬನೇ ನಡೆಯೋ ಸೀನ್ ಮಾತ್ರ ಬರೀಬೇಡಿ! ಆಸೆ ಬಂದೇ ಬರತ್ತೆ. ಕಾಫಿ ಹೂ ಬಿಡಿಸೋ ಹೂಮಳೆ ಯಾವಾಗ ಬೀಳತ್ತೆ ಅಂತ ಯಾರೂ ಬರೆದುಕೊಡಲ್ಲ, ಬಿದ್ದರೂ ಹೂ ನಿಲ್ಲೋದು ಕೆಲವೇ ದಿನ. ನಾವು ಹೀಗೇ ಕೊನೇ ಡ್ರಾಫ್ಟಲ್ಲಿ ಸೇರಿಸಿ ಹೋಂಸ್ಟೇಲಿ ಕಾದು ಕೂತ್ವಿ. ಗಂಟುಮೂಟೆ ಕಟ್ಟಿದ ಮೇಲೆ ತೋಟ ಬೆಳ್ಳಗಾಯ್ತು.

ಕೇಳಿದವರು ಮತ್ತೆ:
ವಕೀಲ ಹೋದ. 110 ಪುಟ ಇದ್ದದ್ದು 106ಕ್ಕೆ ಇಳೀತು, ರೈಟರ್ ಈಗ 13 ಸೀನಲ್ಲಿದ್ದಾನೆ. ತೂಕದ ಸೀನ್ ಓದಿ ಹೇಳಿದಾಗ ಅಮ್ಮ ಅಟ್ಟದಿಂದ ನಮ್ಮ ಹಳೇ ಚೆಕ್‌ರೋಲ್ (ಕೂಲಿಯವರ ಹಾಜರಿ, ಕೂಲಿ ಲೆಕ್ಕದ) ಪುಸ್ತಕ ಇಳಿಸಿ ಕೊಟ್ಟರು. ಅಳಿಸಿ ಬರೆದ ಜಾಗಗಳಲ್ಲಿ ಕಾಗದ ತೆಳ್ಳಗಾಗಿದೆ. ಒಂದೇ ತೊಂದರೆ, ಈಗ ಅಣ್ಣನ ಪಾತ್ರ ಸಪ್ಪೆ ಆಗಿದೆ. ಅದಕ್ಕೇನು ಮಾಡೋದು ಸಿದ್ದಾಪುರದವರೇ?